ಮೂರನೆಯವಳ ಕೂಗು

ಯೆರ್ಸಮ್, ಅಕ್ಟೋಬರ್ 28

ಮುಂದಿನ ಸಾಲಿನಲ್ಲಿ ಕಂಬಳಿ ಹೊದ್ದು ಕುಳಿತ ಹಿರಿಯರೇ, ನಡುಬೆಂಚುಗಳಲ್ಲಿ ಒತ್ತರಿಸಿಕೊಂಡು ಕುಳಿತ ತಾಯಂದಿರೇ, ಟಿಕೆಟ್ಟು ಕೊಳ್ಳದೆ ಬೇಲಿಯಾಚೆ ಸೈಕಲ್ಲಿಗೆ ಒರಗಿ ನೋಡುತ್ತಿರುವ ಪಕ್ಕದೂರಿನ ಮಹನೀಯರೇ, ಎಲ್ಲರೂ ಕಿವಿಗೊಟ್ಟು ಕೇಳುವಂಥವರಾಗಿ.

ಇಂದಿನ ಸಭೆಗೆ ಪ್ರೇಕ್ಷಕಿ ಒಬ್ಬಳೇ, ನನ್ನ ಮಗಳು ನಿಂಕೆ. ಆದರೆ ಒಬ್ಬಳೇ ಎಂದು ದನಿ ತಗ್ಗಿಸುವ ಅಭ್ಯಾಸ ಈ ಹೆಸೆಲನಿಗಿಲ್ಲ. ಫೋನಿನಲ್ಲಿ ಮಾತಾಡಿದರೆ ನೀನು ಅದನ್ನು ಕಿವಿಯಿಂದ ಒಂದು ಮೊಳ ದೂರ ಹಿಡಿಯುತ್ತೀಯೆಂದು ನಿನ್ನ ಅಮ್ಮ ಹೇಳಿದಳು. ಅದಕ್ಕೇ ಈ ಕಾಗದ. ಬವೇರಿಯಾದ ಬೆಟ್ಟದ ನಡುವೆ ಕುಳಿತು ಓದಿಕೋ.

ಶನಿವಾರದ ಪತ್ರಿಕೆಯಲ್ಲಿ ಈ ಚಳಿಗಾಲದ ಐಸ್ ಸ್ಕೇಟಿಂಗ್ ತಂಡಗಳ ಪಟ್ಟಿ ಬಂತು. ಸಾವಿರದೈನೂರು ಮೀಟರ್ ನೋಡಿದೆ, ನಿನ್ನ ಹೆಸರಿಲ್ಲ. ಮೂರು ಸಾವಿರ ನೋಡಿದೆ, ಇಲ್ಲ. ಐದು ಸಾವಿರದಲ್ಲೂ ಇಲ್ಲ. ಕೊನೆಗೆ ಪುಟದ ಅಡಿಯಲ್ಲಿ ಟೀಮ್ ಪರ್ಸ್ಯೂಟ್ ಅನ್ನುವ, ಮೂವರು ಸಾಲಾಗಿ ಓಡುವ ಪಂದ್ಯದ ಕಡೆ ಮೂರು ಹೆಸರು: ಮಾರ್ಲೂಸ್, ವಿಲೆಮೈನ್, ನಿಂಕೆ. ಆ ಮೂರರಲ್ಲೂ ನೀನು ಮೂರನೆಯವಳು.

ನಾನು ನಲವತ್ತೊಂದು ಬೇಸಿಗೆ ಪಾದ್ರಿಮನೆಯ ತೋಟದಲ್ಲಿ ಬಯಲಾಟ ಆಡಿದವನು. ಹಗಲು ಹಾಲಿನ ಲಾರಿ, ಸಂಜೆ ರಾಜವೇಷ. ಒಂದು ದಿನವೂ ಇನ್ನೊಬ್ಬನ ಬೆನ್ನಿಗೆ ಮುಖ ಹುದುಗಿಸಿ ನಿಂತವನಲ್ಲ. ನೀನು ಹದಿನಾಲ್ಕು ವರ್ಷ ಒಬ್ಬಳೇ ಓಡಿದೆ, ಎಲ್ಲರ ಕಣ್ಣೂ ನಿನ್ನ ಮೇಲಿತ್ತು. ಈಗ ಆರು ಸುತ್ತು ಒಬ್ಬಳ ಸೊಂಟಕ್ಕೆ ಕೈಯಿಟ್ಟು ತಳ್ಳುತ್ತ ಹೋಗುವುದು. ಮೂವತ್ತಮೂರು ವರ್ಷದವಳಿಗೆ ಇದೇ ಪಾತ್ರವೇ? ಕಾಫಿ ಅಂಗಡಿಯಲ್ಲಿ ಊರಿನವರು ಕೇಳಿದರು, "ಹೆಸೆಲ್, ನಿನ್ನ ಮಗ್ಳು ಈ ವರ್ಷ ಏನ್ಮಾಡ್ತಾಳೆ?" "ಇಡೀ ತಂಡ ಅವಳ ಮೇಲೇ ನಿಂತಿದೆ," ಅಂದೆ. ಸುಳ್ಳೋ ನಿಜವೋ ನೀನೇ ಬರೆದು ತಿಳಿಸು.

ನಿನ್ನ ಅಪ್ಪ,
ಹೆಸೆಲ್

(ಅಮ್ಮ ಬರೆಯುವುದು: ಸಕ್ಕರೆ ಬ್ರೆಡ್ಡು ಪ್ರತ್ಯೇಕ ಕಳಿಸಿದ್ದೇನೆ. ಬೆನ್ನು ಹೇಗಿದೆ? ಇವನ ಮಾತು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಟ್ರೀನ್.)


ಇನ್ಜೆಲ್, ನವೆಂಬರ್ 7

ಪ್ರೀತಿಯ ಅಪ್ಪ,

ಬ್ರೆಡ್ಡು ಬಂತು. ಬೆನ್ನು ಇದೆ.

ನೀವು ಕಾಫಿ ಅಂಗಡಿಯಲ್ಲಿ ಹೇಳಿದ್ದು ಅರ್ಧ ನಿಜ. ಮುಂದಿರುವವಳು ಮಾರ್ಲೂಸ್, ಇಪ್ಪತ್ತೆರಡು ವರ್ಷ, ಕಾಲುಗಳಿಗೆ ದಣಿವು ಅನ್ನುವುದನ್ನೇ ಯಾರೂ ಹೇಳಿಕೊಟ್ಟಿಲ್ಲ. ನಡುವೆ ವಿಲೆಮೈನ್. ಕೊನೆಗೆ ನಾನು. ಹಿಂದಿನಂತೆ ಸರದಿಯ ಪ್ರಕಾರ ಮುಂದೆ ಬರುವುದೀಗ ಇಲ್ಲ. ಗಾಳಿ ಸೀಳುವವಳು ಆರೂ ಸುತ್ತು ಮಾರ್ಲೂಸ್ ಒಬ್ಬಳೇ, ನಾವು ಹಿಂದಿನಿಂದ ತಳ್ಳಬೇಕು. ಮೊದಲನೆಯವಳು ಎಷ್ಟು ಬೇಗ ಗೆರೆ ದಾಟಿದರೂ ಗಡಿಯಾರ ನಿಲ್ಲುವುದಿಲ್ಲ. ಮೂರನೆಯವಳ ಸ್ಕೇಟಿನ ತುದಿ ದಾಟಿದಾಗ ಮಾತ್ರ ನಿಲ್ಲುತ್ತದೆ. ಎಂಟು ತಂಡಗಳೂ ಓಡಿದ ಮೇಲೆ ಆ ವೇಳೆಯನ್ನು ಹೋಲಿಸಿ ಸ್ಥಾನ ಕೊಡುತ್ತಾರೆ. ಹಾಗಾಗಿ ತಂಡ ನನ್ನ ಮೇಲೆ ನಿಂತಿರುವುದು ನಿಜ, ಬೇರೆ ರೀತಿಯಲ್ಲಿ.

ಮೂವರಿಗೂ ಸಂಬಳ ಕೊಡುವ ಕಂಪನಿ ಬೇರೆ ಬೇರೆ, ಅಭ್ಯಾಸದ ಊರು ಬೇರೆ. ಒಟ್ಟಿಗೆ ಐಸಿನ ಮೇಲೆ ಇಳಿದದ್ದು ಇಲ್ಲಿಯವರೆಗೆ ಎರಡು ಬೆಳಿಗ್ಗೆ. ಜಪಾನಿನವರು ವರ್ಷವಿಡೀ ಜೊತೆಗೇ ಊಟ ಮಾಡುತ್ತಾರಂತೆ. ನಾವು ಪರಸ್ಪರ ಫೋನ್ ನಂಬರ್ ತೆಗೆದುಕೊಂಡದ್ದು ಮೊನ್ನೆ.

ತರಬೇತುದಾರ ಹೌಬ್ ಒಂದೇ ಕಟ್ಟಳೆ ಹಾಕಿದ್ದಾರೆ. ಮುಂದಿನವರಿಗೆ ಹಿಂದೆ ಕಣ್ಣಿಲ್ಲ. ನನಗೂ ವಿಲೆಮೈನಳಿಗೂ ನಡುವೆ ಒಂದು ಮಾರು ಅಂತರ ಬಿದ್ದರೂ ನಾನು "ಹೋ" ಎಂದು ಕೂಗಬೇಕು. ಆಗ ಮಾರ್ಲೂಸ್ ಎರಡು ಹೆಜ್ಜೆ ಹಗುರ ಮಾಡುತ್ತಾಳೆ, ನಾನು ಸೇರಿಕೊಳ್ಳುತ್ತೇನೆ. ಕೂಗಿದರೆ ಅರ್ಧ ಸೆಕೆಂಡು ನಷ್ಟ. ಕೂಗದಿದ್ದರೆ ಎಲ್ಲ ನಷ್ಟ.

ಅಭ್ಯಾಸದಲ್ಲಿ ಮಾರ್ಲೂಸ್ ಪ್ರತಿ ತಿರುವಿನಲ್ಲೂ ಚೇಷ್ಟೆ ಮಾಡುತ್ತಾಳೆ. "ಆಂಟಿ, ಇದೀರಾ ಹಿಂದೆ? ಮನೆಗೆ ಹೋದ್ರಾ?"

"ಇದೀನಿ, ವಿಲೆಮೈನಳ ಅಂಡು ನೋಡ್ತಾ ಇದೀನಿ, ಬೇರೆ ಏನೂ ಕಾಣ್ತಿಲ್ಲ," ಅಂದೆ. ವಿಲೆಮೈನ್ ನಕ್ಕು ಬೀಳುವುದರಲ್ಲಿದ್ದಳು.

ಮಾರ್ಚ್‌ನಲ್ಲಿ ವಿಶ್ವ ಚಾಂಪಿಯನ್‌ಶಿಪ್ ನಮ್ಮ ಹೀರೆನ್‌ವೇನ್‌ನಲ್ಲೇ. ಅಲ್ಲಿಯವರೆಗೆ ಈ ಮೂರನೆಯ ಜಾಗ ಉಳಿಸಿಕೊಂಡರೆ ಸಾಕು ನನಗೆ. ಅದಾದ ಮೇಲಿನದನ್ನು ಯೋಚಿಸುವಷ್ಟು ಶಕ್ತಿ ಉಳಿದಿಲ್ಲ.

ನಿಮ್ಮ,
ನಿಂಕೆ


ಯೆರ್ಸಮ್, ನವೆಂಬರ್ 22

ಜಯಭೇರಿ ಮೊಳಗಲಿ, ಪರದೆ ಮೇಲೇಳಲಿ.

ಸ್ಟಾವಂಗರ್‌ನ ಓಟವನ್ನು ಟಿವಿಯಲ್ಲಿ ನೋಡಿದೆವು, ನಾನು ನಿಂತೇ ನೋಡಿದೆ. ಎರಡನೆಯ ಸ್ಥಾನ. ಮೂವರೂ ಒಂದೇ ದಾರಕ್ಕೆ ಪೋಣಿಸಿದ ಮಣಿಗಳ ಹಾಗೆ ತಿರುವು ದಾಟಿದಿರಿ. ಕ್ಯಾಮೆರಾದವನು ಆ ಹುಡುಗಿ ಮಾರ್ಲೂಸಳ ಮುಖವನ್ನು ಏಳು ಸಲ ತೋರಿಸಿದ, ನಿನ್ನದು ಒಂದು ಸಲ, ಅದೂ ನೀನು ಮೂಗು ಒರೆಸಿಕೊಳ್ಳುವಾಗ. ಇರಲಿ.

ಈಗ ನನ್ನ ಸಮಾಚಾರ. ಮುಂದಿನ ಬೇಸಿಗೆಯ ಆಟದಲ್ಲಿ ನನಗೆ ಹಡಗಿನ ಮುದಿ ಕಪ್ತಾನನ ಪಾತ್ರ. ನಿರ್ದೇಶಕಿ ಫ್ರೌಕೆ, "ಹೆಸೆಲ್, ಮಾತು ಬಹಳ ಇದೆ, ಈ ವಯಸ್ಸಿಗೆ ಆಗುತ್ತಾ?" ಅಂದಳು. "ಫ್ರೌಕೆ, ನಿಮ್ಮಮ್ಮ ತೊಟ್ಟಿಲು ತೂಗುವಾಗ ನಾನು ಇಡೀ ಅಂಕ ಒಪ್ಪಿಸುತ್ತಿದ್ದೆ," ಅಂದೆ. ಪಾತ್ರ ನನ್ನ ಹೆಸರಿಗೆ ಬರೆದುಕೊಂಡಳು.

ಮಗಳೇ, ನಿನ್ನ ಹಿಂದಿನ ಪತ್ರದ ಒಂದು ಮಾತು ನನ್ನ ಗಂಟಲಲ್ಲಿ ಮೀನಿನ ಮುಳ್ಳಾಗಿ ನಿಂತಿದೆ. ಕೂಗುವುದಂತೆ. ಅಂತರ ಬಿತ್ತು, ಕಾಯಿರಿ, ನನ್ನನ್ನು ಕರೆದುಕೊಂಡು ಹೋಗಿ ಎಂದು ಹದಿನೈದು ದೇಶದವರ ಎದುರಿಗೆ ಬಾಯಿಬಿಡುವುದು. ನಲವತ್ತೊಂದು ವರ್ಷದಲ್ಲಿ ನಾನು ಒಂದು ಸಲವೂ ಮರೆತ ಮಾತಿಗಾಗಿ ಪೊದೆಯ ಕಡೆ ತಿರುಗಿ ನೋಡಿಲ್ಲ. ಮರೆತವರಿಗೆ ಮಾತು ನೆನಪಿಸಲು ಪುಸ್ತಕ ಹಿಡಿದು ಪೊದೆಯ ಹಿಂದೆ ಕುಳಿತವಳು ನಿನ್ನ ಅಮ್ಮನೇ. ಪಾಪ, ನನ್ನ ಮಟ್ಟಿಗೆ ಅವಳಿಗೆ ಕೆಲಸವೇ ಇರಲಿಲ್ಲ. ಮಾತು ಸಿಗದಿದ್ದರೆ ಮೌನವನ್ನೇ ಹಿಗ್ಗಿಸು, ಎದೆ ಮುಂದೆ ಮಾಡು, ಅದು ಬಂದೇ ಬರುತ್ತದೆ. ಬೇಡುವವರು ನಮ್ಮ ಮನೆಯಲ್ಲಿ ಇಲ್ಲ. ಕಾಲು ಸೋತರೂ ಹಲ್ಲು ಕಚ್ಚಿ ಹೋಗು. ಕೂಗಬೇಡ.

ನಿನ್ನ ಅಪ್ಪ,
ಹೆಸೆಲ್


ತೊಮಾಶುಫ್, ಪೋಲೆಂಡ್, ಡಿಸೆಂಬರ್ 10

ಅಪ್ಪ,

ನೀವು ನೋಡಿರುತ್ತೀರಿ. ಆದರೂ ಬರೆಯುತ್ತೇನೆ, ಇಲ್ಲಿ ಬೇರೆ ಯಾರ ಹತ್ತಿರವೂ ಹೇಳಿಲ್ಲ.

ನಾಲ್ಕನೆಯ ಸುತ್ತಿನವರೆಗೆ ಎಲ್ಲ ಸರಿ ಇತ್ತು. ಕೊನೆಯ ಎರಡು ಸುತ್ತು ನನಗೆ ತಳ್ಳುವ ಕೆಲಸವಿಲ್ಲ, ಅಂಟಿಕೊಂಡಿದ್ದರೆ ಸಾಕು ಎಂದು ಮೊದಲೇ ಮಾತಾಗಿತ್ತು. ಹಾಗಾಗಿ ಸೊಂಟಕ್ಕೆ ನನ್ನ ಕೈ ತಾಗದಿದ್ದರೂ ವಿಲೆಮೈನಳಿಗೆ ಅನುಮಾನ ಬರಲಿಲ್ಲ. ಐದನೆಯ ಸುತ್ತಿನ ತಿರುವಿನಲ್ಲಿ ಅವಳ ಬೆನ್ನು ಒಂದು ಮಾರು ದೂರ ಹೋಯಿತು. ಆಗ ಕೂಗಬಹುದಿತ್ತು. ಎರಡು ಮಾರು ಆಯಿತು. ಅವರ ಹಿಂದಿನ ಗಾಳಿಯ ನೆರಳು ತಪ್ಪಿದ ಮೇಲೆ ಎದುರುಗಾಳಿ ಎದೆಗೆ ಕೈಯಿಟ್ಟು ಹಿಂದೆ ತಳ್ಳುತ್ತದೆ, ಆಮೇಲೆ ಏನು ಮಾಡಿದರೂ ಆಗುವುದಿಲ್ಲ.

ಅವರಿಬ್ಬರೂ ಗೆರೆ ದಾಟಿ ಕೈ ಎತ್ತಿದರು. ಮಾರ್ಲೂಸ್ ಗಡಿಯಾರದ ಕಡೆ ನೋಡಿದಳು, ಅದು ಇನ್ನೂ ಓಡುತ್ತಿತ್ತು. ಹಿಂತಿರುಗಿದಳು. ನಾನು ಹದಿನೈದು ಮೀಟರ್ ಹಿಂದೆ ಬರುತ್ತಿದ್ದೆ. ಎತ್ತಿದ ಕೈಗಳನ್ನು ಏನು ಮಾಡಬೇಕೆಂದು ಇಬ್ಬರಿಗೂ ತೋಚಲಿಲ್ಲ. ಅಂಥ ದೃಶ್ಯವನ್ನು ನೀವು ಯಾವ ನಾಟಕದಲ್ಲೂ ನೋಡಿರಲಾರಿರಿ. ಪೋಲೆಂಡಿನ ಜನ ನಕ್ಕರು, ಕೆಟ್ಟದಾಗಿ ಅಲ್ಲ.

ಏಳನೆಯ ಸ್ಥಾನ. ಎಂಟು ತಂಡ.

"ಯಾಕೆ ಕೂಗ್ಲಿಲ್ಲ?" ಅಂತ ಹೌಬ್ ಕೇಳಿದರು.

"ಉಸಿರು ಇರ್ಲಿಲ್ಲ," ಅಂದೆ.

ಉಸಿರು ಇತ್ತು.

ಮಾರ್ಲೂಸ್ ಬಸ್ಸಿನಲ್ಲಿ ನನ್ನ ಪಕ್ಕದ ಸೀಟಿನಿಂದ ಚೀಲ ತೆಗೆದುಕೊಂಡು ಹಿಂದಿನ ಸೀಟಿಗೆ ಹೋದಳು. ಜನವರಿಯ ಕೊನೆಯಲ್ಲಿ ಮೂರನೆಯ ಜಾಗಕ್ಕೆ ಬೇರೆ ಹುಡುಗಿಯೊಬ್ಬಳನ್ನೂ ಪರೀಕ್ಷೆ ಮಾಡುತ್ತಾರಂತೆ. ಮಾಡಲಿ. ನನಗೆ ನಿದ್ದೆ ಬೇಕು, ಅಷ್ಟೆ.

ನಿಂಕೆ


ಯೆರ್ಸಮ್, ಡಿಸೆಂಬರ್ 17

ಮಗಳೇ ನಿಂಕೆ,

ಯಾರಲ್ಲಿ? ಆ ಹುಡುಗಿ ಮಾರ್ಲೂಸಳನ್ನು ಸಭೆಗೆ ಕರೆತನ್ನಿ. ತನ್ನ ಬೆನ್ನ ಹಿಂದೆ ಯಾರಿದ್ದಾರೆ ಎಂದು ನೋಡದೆ ಓಡುವವಳು ಎಂಥ ನಾಯಕಿ? ಕುತ್ತಿಗೆ ಇರುವುದು ಯಾತಕ್ಕೆ? ಆ ಹೌಬನನ್ನೂ ಕರೆತನ್ನಿ. ಎರಡು ಬೆಳಿಗ್ಗೆಯ ಅಭ್ಯಾಸದಲ್ಲಿ ರಂಗಕ್ಕೆ ಇಳಿಸಿದರೆ ನಮ್ಮಲ್ಲಿ ಕುರ್ಚಿ ಎತ್ತಿಡುವವನೂ ಒಪ್ಪುವುದಿಲ್ಲ. ಆ ಮೂರು ಕಂಪನಿಗಳ ಧಣಿಗಳನ್ನು ಕರೆತನ್ನಿ. ಪೋಲೆಂಡಿನ ಪ್ರೇಕ್ಷಕರನ್ನೂ ಕರೆತನ್ನಿ.

ಇದನ್ನೆಲ್ಲ ಅಡಿಗೆಮನೆಯಲ್ಲಿ ಗಟ್ಟಿಯಾಗಿ ಓದಿದೆ. ನಿನ್ನ ಅಮ್ಮ ಬಟಾಣಿ ಸಾರು ತಿರುವುತ್ತ, "ಇನ್ನೂ ಒಬ್ಬರನ್ನ ಕರೀಬೇಕು, ಮರ್ತಿದೀಯ," ಅಂದಳು. ಯಾರನ್ನು ಅಂದರೆ, ಉಪ್ಪು ಕೊಡು ಅಂದಳು.

ಹಬ್ಬಕ್ಕೆ ಬರುತ್ತೀಯಲ್ಲ? ನಿನ್ನ ಕೋಣೆಯ ಹೀಟರ್ ಸರಿಮಾಡಿಸಿದ್ದೇನೆ.

ಅಪ್ಪ


ಯೆರ್ಸಮ್, ಜನವರಿ 14

ನಿಂಕೆ,

ನೀನು ಹಬ್ಬಕ್ಕೆ ಬರಲಿಲ್ಲ. ಅಭ್ಯಾಸ ಇದೆ ಅಂದೆ, ಸರಿ. ಹೊಸ ವರ್ಷಕ್ಕೆ ಒಂದು ಕಾರ್ಡು ಬಂತು, ಅದರಲ್ಲಿ ನಿನ್ನ ಹೆಸರು ಬಿಟ್ಟರೆ ಅಚ್ಚಿನ ಅಕ್ಷರ.

ಕಾಲುವೆಗೆ ತೆಳ್ಳಗೆ ಐಸು ಕಟ್ಟಿತ್ತು, ಎರಡೇ ದಿನ. ಬಾತುಕೋಳಿಗೆ ಸಾಲುವಷ್ಟು.

ನಾಲ್ಕು ಸಲ ಬರೆದು ಹರಿದೆ. ಇದನ್ನು ಹರಿಯುವ ಮೊದಲೇ ಅಂಚೆಗೆ ಹಾಕುತ್ತಿದ್ದೇನೆ.

ಅಪ್ಪ


ಯೆರ್ಸಮ್, ಜನವರಿ 18

ನಿಂಕೆ,

ನಿನ್ನ ಅಪ್ಪ ಆಟದ ಬೆಂಚುಗಳಿಗೆ ಬಣ್ಣ ಬಳಿಯಲು ಹೋಗಿದ್ದಾನೆ. ನನಗೆ ಎರಡು ತಾಸು ಸಿಕ್ಕಿದೆ. ನಾನು ಬರೆಯುವವಳಲ್ಲ, ಬೇರೆಯವರು ಬರೆದದ್ದನ್ನು ಪೊದೆಯ ಹಿಂದೆ ಕುಳಿತು ಓದುವವಳು. ತಪ್ಪಿದ್ದರೆ ತಿದ್ದಿಕೋ.

ಭಾನುವಾರ ಫೋನಿನಲ್ಲಿ "ಯಾಕೆ ಕೂಗಲಿಲ್ಲ ಮಗೂ" ಅಂತ ನಾನು ಕೇಳಿದಾಗ ನೀನು, "ಅಪ್ಪ ಒಂದು ಸಲವೂ ನೆರವು ಕೇಳಿಲ್ಲ ಅಮ್ಮಾ, ನಲವತ್ತೊಂದು ವರ್ಷ," ಅಂದೆ. ಆಮೇಲೆ ಬಾಣಲೆ ಒಲೆಯ ಮೇಲಿದೆ ಅಂತ ಫೋನ್ ಇಟ್ಟುಬಿಟ್ಟೆ. ನೀನು ಇರುವ ಕೋಣೆಯಲ್ಲಿ ಒಲೆಯೇ ಇಲ್ಲ.

ಕೇಳು. ಅವನ ಮೊದಲ ಆಟದ ಹೊತ್ತಿಗೆ ನಮಗೆ ಮದುವೆ ಆಗಿರಲಿಲ್ಲ. ಎರಡನೆಯ ಅಂಕದಲ್ಲಿ ಅವನಿಗೆ ಬಾಯಿ ಕಟ್ಟಿತು. ನಿಂತೇ ಇದ್ದ, ಕೋಟಿನ ಗುಂಡಿ ತಿರುವುತ್ತ. ನಾನು ಪುಸ್ತಕ ನೋಡಿ ಮುಂದಿನ ಸಾಲು ಹೇಳಿದೆ. ಆಟ ಮುಗಿದ ಮೇಲೆ ಹತ್ತಿರ ಬಂದ. "ನೀನು ತುಂಬಾ ಮೆಲ್ಲಗೆ ಹೇಳ್ತೀಯ, ಮುಂದಿನ ಸಾಲಿನವ್ರಿಗೂ ಕೇಳ್ಸಲ್ಲ. ಹೀಗೇ ಇರ್ಲಿ," ಅಂದ. ಥ್ಯಾಂಕ್ಸ್ ಅನ್ನಲಿಲ್ಲ. ಮೂರು ತಿಂಗಳಿಗೆ ಮದುವೆಯಾದೆವು.

ಅಂದಿನಿಂದ ಅವನ ಕೈ ಗುಂಡಿಗೆ ಹೋದರೆ ನಾನು ಹೇಳುತ್ತೇನೆ. ಪ್ರತಿ ಬೇಸಿಗೆ. ಕಳೆದ ವರ್ಷ ಕೊನೆಯ ಆಟದಲ್ಲಿ ಗುಂಡಿಯೇ ಕಿತ್ತು ಕೈಗೆ ಬಂತು. ಅವನು ಸುಳ್ಳು ಹೇಳುತ್ತಿಲ್ಲ ನಿಂಕೆ, ಅವನಿಗೆ ನಿಜವಾಗಿ ಗೊತ್ತಿಲ್ಲ. ನಾನು ಎಷ್ಟು ಮೆಲ್ಲಗೆ ಹೇಳುತ್ತೇನೆಂದರೆ ಅದು ತನ್ನ ತಲೆಯೊಳಗಿಂದಲೇ ಬಂತು ಅಂದುಕೊಳ್ಳುತ್ತಾನೆ. ನಾನೂ ಹಾಗೇ ಬಿಟ್ಟೆ. ಸಂತೋಷವಾಗಿರಲಿ ಅಂತ. ಅದರಿಂದ ಯಾರಿಗೂ ಕೇಡಿರಲಿಲ್ಲ, ಡಿಸೆಂಬರ್‌ವರೆಗೆ.

ಕೇಳದೇ ಇರುವವರು ಯಾರೂ ಇಲ್ಲ. ಕೆಲವರಿಗೆ ಕೇಳದೆಯೇ ಕೊಡುವವರು ಸಿಕ್ಕಿರುತ್ತಾರೆ, ಅಷ್ಟೇ ವ್ಯತ್ಯಾಸ. ನಿನಗೆ ಅಲ್ಲಿ ಅಂಥವರಿಲ್ಲ. ಅದಕ್ಕೇ ಕೂಗಬೇಕು.

ಅವನ ಸೈಕಲ್ ಸದ್ದಾಯಿತು. ನಿಲ್ಲಿಸುತ್ತೇನೆ.

ಅಮ್ಮ


ಇನ್ಜೆಲ್, ಫೆಬ್ರವರಿ 4

ಪ್ರೀತಿಯ ಅಮ್ಮ,

ನಿಮ್ಮ ಪತ್ರ ಬಂದು ಎರಡು ವಾರವಾಯಿತು. ಮೊದಲು ನಗು ಬಂತು, ಆಮೇಲೆ ಸಿಟ್ಟು, ಯಾರ ಮೇಲೆ ಅಂತ ಗೊತ್ತಾಗಲಿಲ್ಲ. ಆಮೇಲೆ ಸುಮ್ಮನೆ ಮಲಗಿದೆ.

ಪರೀಕ್ಷೆ ಮುಗಿಯಿತು. ಹೊಸ ಹುಡುಗಿ ನನಗಿಂತ ಚುರುಕು, ಆದರೆ ಸಾಲಿನಲ್ಲಿ ಓಡಿ ಅಭ್ಯಾಸವಿಲ್ಲ, ಮುಂದಿನವರ ಸ್ಕೇಟು ತುಳಿಯುತ್ತಾಳೆ. ಹೌಬ್ ನನ್ನನ್ನು ಕರೆದರು. "ಮಾರ್ಚ್‌ಗೆ ನೀನೇ. ಆದ್ರೆ ಒಂದು ಮಾತು. ಕೂಗ್ತೀಯೋ ಇಲ್ವೋ ಈಗ್ಲೇ ಹೇಳು. ಇಲ್ಲ ಅಂದ್ರೆ ತುಳಿಯೋಳೇ ಸಾಕು ನಂಗೆ."

ಕೂಗುತ್ತೇನೆ ಅಂದೆ. "ಈಗ ಕೂಗು," ಅಂದರು. ಊಟದ ಕೋಣೆಯಲ್ಲಿ, ಅಮ್ಮ, ಜರ್ಮನಿಯ ಹುಡುಗರೆಲ್ಲ ಆಲೂಗಡ್ಡೆ ತಿನ್ನುತ್ತಿದ್ದರು. ಬಾಯಿ ತೆರೆದೆ, ದನಿ ಬರಲಿಲ್ಲ. ಮೂವತ್ತಮೂರು ವರ್ಷದವಳು. ಅಪ್ಪನ ಮಗಳು.

ಆವತ್ತಿನ ಅಭ್ಯಾಸದಲ್ಲಿ ಬೇಕೆಂದೇ ಹಿಂದೆ ಬಿದ್ದು ಕೂಗಿದೆ. ಮೊದಲ ಸಲ ಕೆಮ್ಮಿದ ಹಾಗೆ ಬಂತು. ವಿಲೆಮೈನ್, "ಯಾರಿಗೋ ಗಂಟಲು ನೋವು," ಅಂದಳು. ಎಂಟನೆಯ ಸಲಕ್ಕೆ ಸರಿಯಾಯಿತು. ಎಂಟೂ ಸಲ ಮಾರ್ಲೂಸ್ ಹಗುರ ಮಾಡಿದಳು, ಏನೂ ಗೊಣಗಲಿಲ್ಲ.

ಬೂಟು ಬಿಚ್ಚುವಾಗ ನನ್ನ ಪಕ್ಕ ಬಂದು ಕುಳಿತಳು. ಡಿಸೆಂಬರ್ ಆದ ಮೇಲೆ ಅದು ಮೊದಲು. "ನಾನು 'ಆಂಟಿ ಇದೀರಾ' ಅಂತ ಕೂಗ್ತಿದ್ನಲ್ಲ, ಅದು ಗೇಲಿ ಅಂದ್ಕೊಂಡ್ರಾ?" ಅಂದಳು.

"ಮತ್ತೆ?"

"ಮುಂದೆ ಇರೋಳಿಗೆ ಏನೂ ಕಾಣಲ್ಲ. ಬರೀ ಐಸು. ಹಿಂದೆ ಸದ್ದಿಲ್ದಿದ್ರೆ ನಂಗೆ ಭಯ ಆಗತ್ತೆ. ಒಬ್ಳೇ ಇದೀನೇನೋ ಅನ್ಸತ್ತೆ. ನೀವು ಬೈದ್ರೆ ಸಮಾಧಾನ."

ದಣಿವಿನ ಹಾಗೆ ಭಯವೂ ಅವಳಿಗೆ ಗೊತ್ತಿಲ್ಲ ಅಂದುಕೊಂಡಿದ್ದೆ.

ಅಪ್ಪನಿಗೆ ಏನೂ ಹೇಳಬೇಡಿ. ಅಥವಾ ಹೇಳಿ. ನನಗೆ ತಿಳಿಯದು.

ನಿಂಕೆ


ಯೆರ್ಸಮ್, ಮಾರ್ಚ್ 9

ಮಹಾಜನರೇ, ಹನ್ನೆರಡು ಸಾವಿರ ಮಂದಿ. ಕಿತ್ತಳೆ ಟೋಪಿ, ಕಿತ್ತಳೆ ಕೋಟು, ಹಿತ್ತಾಳೆ ವಾದ್ಯ, ಹುರಿದ ಸಾಸೇಜಿನ ಹೊಗೆ. ಅದರ ನಡುವೆ ಇಪ್ಪತ್ತೊಂದನೆಯ ಸಾಲಿನಲ್ಲಿ ಹೆಸೆಲ್ ಮತ್ತು ಟ್ರೀನ್, ಇಬ್ಬರ ನಡುವೆ ಒಂದು ಫ್ಲಾಸ್ಕು.

ನಿನಗೆ ಗೊತ್ತಿರುವ ಕಥೆಯನ್ನು ನಿನಗೇ ಹೇಳುತ್ತೇನೆ, ನಾನು ಕಂಡ ಹಾಗೆ.

ಗುಂಡು ಹಾರಿತು. ಮೂವರೂ ಬಗ್ಗಿದಿರಿ. ಒಂದನೆಯ ಸುತ್ತು, ಎರಡನೆಯ ಸುತ್ತು. ಗಡಿಯಾರ ನಿಮ್ಮ ಹೆಸರಿನ ಮುಂದೆ ಹಸಿರು ತೋರಿಸಿತು, ಜನ ಎದ್ದು ನಿಂತರು. ಮೂರನೆಯದು ಮುಗಿದಾಗಲೂ ಮುಂದಿದ್ದಿರಿ. ನಾಲ್ಕನೆಯದರಲ್ಲಿ ನಿನ್ನ ಬಲಗೈ ವಿಲೆಮೈನಳ ಸೊಂಟದಿಂದ ಜಾರಿತು. ನಾನು ಕಂಡೆ. ನಿನ್ನ ಕಾಲು ಸೋತರೆ ನಿನ್ನ ಎಡಭುಜ ಮೊದಲು ಮೇಲೇಳುತ್ತದೆ, ಎಂಟು ವರ್ಷದವಳಿದ್ದಾಗಿನಿಂದ ಹಾಗೇ. ಭುಜ ಎದ್ದಿತು. ಅಂತರ ಬಿತ್ತು, ಬೆಳಕು ಹಾಯುವಷ್ಟು.

ಆಗ ಈ ಹೆಸೆಲ್ ತನ್ನ ಮಗಳಿಗೆ ಬರೆದ ಒಂದು ಪತ್ರದ ಒಂದೊಂದು ಅಕ್ಷರವೂ ಅವನ ಕಣ್ಣ ಮುಂದೆ ನಿಂತಿತು. ಅದನ್ನು ಬರೆದ ಕೈಯನ್ನು ಅವನು ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತ.

ಕೂಗಿದೆ ನೀನು.

ಹನ್ನೆರಡು ಸಾವಿರ ಜನರ ಗದ್ದಲ, ವಾದ್ಯ, ನಿರೂಪಕನ ಕಿರುಚಾಟ. ನನ್ನ ಪಕ್ಕದವನಿಗೆ ಅದು ಕೇಳಿಸಲಿಲ್ಲ, ಕೇಳಿದೆ ಅವನನ್ನು. ನನಗೆ ಕೇಳಿಸಿತು. ಒಂದೇ ಅಕ್ಷರ. ಮಾರ್ಲೂಸ್ ಎರಡು ಹೆಜ್ಜೆ ಹಗುರ ಮಾಡಿದಳು, ವಿಲೆಮೈನ್ ಹಿಂದೆ ಕೈ ಚಾಚಿದಳು, ನೀನು ಸೇರಿಕೊಂಡೆ. ಗಡಿಯಾರದ ಹಸಿರು ಕೆಂಪಾಯಿತು. ಜನ "ಅಯ್ಯೋ" ಅಂದು ಕುಳಿತರು. ನಾನು ಒಬ್ಬನೇ ಎದ್ದು ನಿಂತಿದ್ದೆ, ಹಿಂದಿನವರು ಕೋಟು ಹಿಡಿದು ಎಳೆಯುವವರೆಗೆ.

ಮೂವರ ಸ್ಕೇಟುಗಳೂ ಒಟ್ಟಿಗೆ ಗೆರೆ ದಾಟಿದವು. ನಾಲ್ಕನೆಯ ಸ್ಥಾನ. ಕಂಚು ತಪ್ಪಿದ್ದು ಸೆಕೆಂಡಿನ ನೂರರಲ್ಲಿ ಮೂವತ್ತೊಂದು ಪಾಲಿನಿಂದ. ಕಾಫಿ ಅಂಗಡಿಯವರು ಈಗಾಗಲೇ ಲೆಕ್ಕ ಹಾಕಿದ್ದಾರೆ: ಆ ಕೂಗು ಇಲ್ಲದಿದ್ದರೆ ಕಂಚು ಬರುತ್ತಿತ್ತಂತೆ. "ಅವಳು ಕೂಗದಿದ್ರೆ ಮೂರನೆಯವಳೇ ಬರ್ತಿರ್ಲಿಲ್ಲ, ಕಂಚನ್ನ ಯಾರ ಕೊರಳಿಗೆ ಹಾಕ್ತಿದ್ರಿ?" ಅಂದೆ. ಕಾಫಿ ಅರ್ಧಕ್ಕೆ ಬಿಟ್ಟು ಬಂದೆ.

ಓಟವಾದ ಮೇಲೆ ನೀನು ಬೇಲಿಯ ಹತ್ತಿರ ಎರಡು ನಿಮಿಷ ಬಂದು ನಿಂತೆ. ತುಟಿ ನೀಲಿಯಾಗಿತ್ತು. ಇಷ್ಟು ದೊಡ್ಡ ಬಾಯಿಯ ನಾನು ನಿನಗೆ ಏನು ಹೇಳಿದೆ? ಕಾರು ನಿಲ್ಲಿಸಲು ಜಾಗ ಸಿಗಲಿಲ್ಲ ಅಂತ ಹೇಳಿದೆ. ನೀನು, "ಬೇಗ ಬರ್ಬೇಕಿತ್ತು ಅಪ್ಪ," ಅಂದೆ. ಬಸ್ಸು ಬಂತು.

ಇನ್ನೊಂದು ವಿಷಯ. ಅಮ್ಮ ನಿನಗೆ ಬರೆದದ್ದನ್ನು ವಾಪಸು ಬರುವಾಗ ಕಾರಿನಲ್ಲಿ ಹೇಳಿದಳು. ಗುಂಡಿ, ಪೊದೆ, ಎಲ್ಲ. ನಾನು ಎರಡು ದಿನ ಅವಳೊಂದಿಗೆ ಮಾತಾಡಲಿಲ್ಲ. ಎರಡು ದಿನ ಮನೆ ತಂಪಾಗಿತ್ತು ಅಂದಳು. ಇವತ್ತು ಬೆಳಿಗ್ಗೆ ಕಪ್ತಾನನ ಮಾತುಗಳನ್ನು ಒಬ್ಬನೇ ದನದ ಕೊಟ್ಟಿಗೆಯ ಹಿಂದೆ ನಿಂತು ಹೇಳಿ ನೋಡಿದೆ. ಮೊದಲ ಪುಟ ದಾಟಲಿಲ್ಲ.

ಕೂಗಬೇಡ ಎಂದು ಬರೆದದ್ದು ನಾನು. ಡಿಸೆಂಬರ್‌ನಲ್ಲಿ ಎಲ್ಲರನ್ನೂ ಸಭೆಗೆ ಕರೆದಾಗ ಬಿಟ್ಟುಹೋದ ಆ ಒಬ್ಬನೂ ನಾನೇ.

ಅಪ್ಪ


ಇನ್ಜೆಲ್, ಮಾರ್ಚ್ 16

ಪ್ರೀತಿಯ ಅಪ್ಪ,

ನಿಮ್ಮ ಪತ್ರವನ್ನು ಮಾರ್ಲೂಸಳಿಗೆ ಫೋನಿನಲ್ಲಿ ಓದಿ ಹೇಳಿದೆ, ಕುತ್ತಿಗೆಯ ಮಾತಿರುವ ಹಳೆಯದನ್ನೂ ಸೇರಿಸಿ. "ನಿಮ್ಮಪ್ಪನಿಗೆ ಮೈಕ್ ಬೇಡ ಅನ್ಸತ್ತೆ," ಅಂದಳು. ಕಂಚಿನ ಬಗ್ಗೆ ಅವಳು ಒಂದು ದಿನ ಅತ್ತಳು. ನಾನು ಅಳಲಿಲ್ಲ. ದುಃಖಪಡುವುದಕ್ಕೂ ಸ್ವಲ್ಪ ಶಕ್ತಿ ಬೇಕು.

ನಿಲ್ಲಿಸುತ್ತಿದ್ದೇನೆ. ಹೌಬ್‌ಗೆ ನಿನ್ನೆ ಹೇಳಿದೆ. ಅವರು ಇನ್ನೊಂದು ವರ್ಷ ಅಂದರು, ಇಲ್ಲ ಅಂದೆ. "ಸರಿ, ಕೂಗಿದ್ದು ಚೆನ್ನಾಗಿತ್ತು," ಅಂದು ಕೈಕುಲುಕಿದರು. ಹದಿನೈದು ವರ್ಷಕ್ಕೆ ಅಷ್ಟೇ ಭಾಷಣ, ಸಾಕಾಯಿತು.

ಈಗ ಒಂದು ಮಾತು, ಬರೆಯಲು ಮೂರು ದಿನ ತೆಗೆದುಕೊಂಡೆ. ಇಲ್ಲಿಯ ಕೋಣೆ ತಿಂಗಳ ಕೊನೆಗೆ ಖಾಲಿ ಮಾಡಬೇಕು. ಮೂರನೆಯ ಮಹಡಿ, ಹನ್ನೊಂದು ಪೆಟ್ಟಿಗೆ, ಒಂದು ಅಭ್ಯಾಸದ ಸೈಕಲ್. ನನ್ನ ಬೆನ್ನು ಬಗ್ಗುತ್ತಿಲ್ಲ. ಸಾಮಾನು ಸಾಗಿಸುವವರನ್ನು ಗೊತ್ತು ಮಾಡಬಹುದು, ಅದು ಕಷ್ಟವಲ್ಲ. ಆದರೆ ಅವರು ಬರುವುದು ನನಗೆ ಬೇಡ.

ಅಪ್ಪ, ಬಂದು ನನ್ನನ್ನು ಕರೆದುಕೊಂಡು ಹೋಗಿ.

ನಿಂಕೆ


ಯೆರ್ಸಮ್, ಮಾರ್ಚ್ 20

ನಿಂಕೆ,

ಇವತ್ತು ಸಭೆ ಇಲ್ಲ. ನಾನು ಮತ್ತು ನೀನು.

ನಿನ್ನ ಪತ್ರ ಮಧ್ಯಾಹ್ನ ಬಂತು. ಓದಿದವನೇ ಫ್ರೌಕೆಯ ಮನೆಗೆ ಹೋದೆ. ನಾಳೆ ಹತ್ತಕ್ಕೆ ಮೊದಲ ವಾಚನ, ಊರಿನವರೆಲ್ಲ ಸೇರುತ್ತಾರೆ, ಕಪ್ತಾನನಿಲ್ಲದೆ ಶುರುವಾಗುವುದಿಲ್ಲ. "ಬರಕ್ಕಾಗಲ್ಲ, ನನ್ನ ಪಾತ್ರ ಯಾರಾದ್ರೂ ಓದ್ಲಿ," ಅಂದೆ. "ನಾಳೆಗೆ ಮಾತ್ರಾನಾ?" ಅಂದಳು. "ಅದನ್ನ ಬಂದ್ಮೇಲೆ ಮಾತಾಡೋಣ. ನಂಗೆ ಮೊದಲ ಪುಟಾನೇ ದಾಟ್ತಿಲ್ಲ," ಅಂದೆ. ಅವಳು ಕುರ್ಚಿ ಎಳೆದು ಕೂರಿಸಿ ಕಾಫಿ ಕೊಟ್ಟಳು. ಇಷ್ಟು ವರ್ಷದಲ್ಲಿ ಆ ಮನೆಯ ಕಾಫಿ ಕುಡಿದದ್ದು ಇದೇ ಮೊದಲು.

ಹಾಲಿನ ಕಂಪನಿಯ ಗೆಳೆಯನಿಂದ ಕಾರಿನ ಹಿಂದೆ ಕಟ್ಟುವ ಗಾಡಿ ತಂದಿದ್ದೇನೆ. ಒಂಬೈನೂರು ಕಿಲೋಮೀಟರ್. ಮೊದಲಾಗಿದ್ದರೆ ಒಂದೇ ಉಸಿರಿಗೆ ಬರುತ್ತಿದ್ದೆ. ಈಗ ಸಂಜೆಯಾದರೆ ಎದುರಿನ ದೀಪಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಇದನ್ನು ಯಾರಿಗೂ ಹೇಳಿರಲಿಲ್ಲ. ಈಗಷ್ಟೇ ಅಡಿಗೆಮನೆಗೆ ಹೋಗಿ, "ಟ್ರೀನ್, ಕತ್ತಲಾದ ಮೇಲೆ ನೀನು ಓಡಿಸ್ತೀಯಾ?" ಅಂತ ಕೇಳಿದೆ. ಗಟ್ಟಿಯಾಗಿಯೇ ಕೇಳಿದೆ. ಅವಳು ಬ್ರೆಡ್ಡಿಗೆ ಬೆಣ್ಣೆ ಹಚ್ಚುವುದನ್ನು ನಿಲ್ಲಿಸಲಿಲ್ಲ. "ಓಡಿಸ್ತೀನಿ. ನೀನು ಮಲ್ಕೋ," ಅಂದಳು.

ಈ ಪತ್ರ ನಿನಗೆ ಮುಟ್ಟುವ ಮೊದಲು ನಾವೇ ಮುಟ್ಟಿರುತ್ತೇವೆ, ಆದ್ದರಿಂದ ಅಂಚೆಗೆ ಹಾಕುವುದಿಲ್ಲ, ಜೇಬಿನಲ್ಲೇ ತರುತ್ತೇನೆ. ಎದುರಿಗೆ ನಿಂತರೆ ನಾನು ಮತ್ತೆ ಕಾರು ನಿಲ್ಲಿಸುವ ಜಾಗದ ಬಗ್ಗೆ ಮಾತಾಡಿಬಿಟ್ಟೇನು. ಆಗ ಇದನ್ನು ನಿನ್ನ ಕೈಗೆ ಕೊಡುತ್ತೇನೆ, ಮೆಟ್ಟಿಲ ಮೇಲೆ ಕುಳಿತು ಓದು, ಅಷ್ಟರಲ್ಲಿ ನಾನು ಪೆಟ್ಟಿಗೆ ಇಳಿಸುತ್ತಿರುತ್ತೇನೆ.

ನಾಳೆ ಬೆಳಿಗ್ಗೆ ಆರಕ್ಕೆ ಹೊರಡುತ್ತೇವೆ.

ಅಪ್ಪ